ಅಪಾಯ ಇರುವುದು ಕಾಡಿನಲ್ಲಿಯೆ?

(ಗಿರಣಿ ಕೆಲಸಗಾರರ ವಾಚನಾಲಯದಲ್ಲಿ ಭಾನುವಾರ ಸಂಜೆ ‘ಪೋಚರ್’ ನಾಟಕಮಾಲೆಯ ಮೊದಲ ಕಂತನ್ನು ಎಲ್ಲರೂ ಕೂಡಿ ನೋಡಿದ ಮೇಲೆ ಮಾಡಿದ ಭಾಷಣ)



ದೀಪ ಹಾಕಿದ ಕೂಡಲೆ ಹಿಂದಿನ ಬೆಂಚಿನಿಂದ ಹಿರಿಯರೊಬ್ಬರು ಕೇಳಿದರು: “ಬೋನಸ್ಸಿನ ಮಾತು ಬಿಟ್ಟು ಈ ಆನೆಯ ಕಥೆ ಯಾಕಪ್ಪಾ ತಂದ್ರಿ?” ಪ್ರಶ್ನೆ ನ್ಯಾಯವಾದದ್ದು. ವಾರಕ್ಕೊಂದು ಬಿಡುವಿನ ಸಂಜೆ, ಅದನ್ನೂ ಕಸಿದುಕೊಂಡು ನಿಮ್ಮನ್ನು ಇಲ್ಲಿ ಕೂಡಿಸಿದವರು ನಾವು. ಉತ್ತರ ಹೇಳುವ ಹೊಣೆಯೂ ನಮ್ಮದೇ.

ನೀವು ಈಗ ನೋಡಿದ್ದು ಎಂಟು ಕಂತುಗಳ ಒಂದು ನಾಟಕಮಾಲೆಯ ಮೊದಲನೆಯ ಕಂತು. ಚಂದಾ ಕಟ್ಟಿ ಟೆಲಿವಿಷನ್ ಪೆಟ್ಟಿಗೆಯಲ್ಲೋ ಮೊಬೈಲಿನಲ್ಲೋ ನೋಡುವ ಅಮೆಜಾನ್ ಪ್ರೈಮ್ ವಿಡಿಯೊದಲ್ಲಿ ಇದು 2024ರ ಫೆಬ್ರವರಿ 23ರಂದು ಬಂದಿತು. ಮಾಡಿದವರು ರಿಚಿ ಮೆಹ್ತಾ. ಇವರದೇ ‘ಡೆಲ್ಲಿ ಕ್ರೈಂ’ ಎಂಬ ಮಾಲೆಗೆ 2020ರಲ್ಲಿ ಅಂತಾರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಬಂದಿದ್ದಿತು. ‘ಪೋಚರ್’ ಅಂದರೆ ಕಳ್ಳಬೇಟೆಗಾರ. ಮಾತು ಹೆಚ್ಚಿನಂಶ ಮಲಯಾಳದ್ದು, ನಡುನಡುವೆ ಹಿಂದಿ, ಇಂಗ್ಲಿಷು. ನಮ್ಮಲ್ಲಿ ಹಲವರಿಗೆ ಮಾತು ಪೂರಾ ಹಿಡಿಯಲಿಲ್ಲವೆಂಬುದು ನಿಜ. ಆದರೂ ಒಬ್ಬರೂ ಎದ್ದು ಹೋಗಲಿಲ್ಲ. ಅದನ್ನು ನಾವು ಗಮನಿಸಿದೆವು.

ಕಾಡಿನ ನಾಟಕವೆಂದ ಕೂಡಲೆ ನಮ್ಮ ಮನಸ್ಸಿಗೆ ಬರುವುದು ಏನು? ಹುಲಿ ಗರ್ಜಿಸಬೇಕು, ಹಾವು ಹೆಡೆ ಎತ್ತಬೇಕು, ನಾಯಕ ಮರದಿಂದ ಮರಕ್ಕೆ ಹಾರಬೇಕು. ಕಾಡು ಎಂದರೆ ಅಪಾಯ, ಊರು ಎಂದರೆ ಭದ್ರ. ನಮ್ಮ ಸಿನಿಮಾಗಳು ನಮಗೆ ಕಲಿಸಿದ್ದು ಇದೇ. ಈ ಕಂತು ಅದನ್ನು ಸದ್ದಿಲ್ಲದೆ ತಿರುವಿ ಹಾಕುತ್ತದೆ. ಇಲ್ಲಿ ಕಾಡಿನ ಯಾವ ಪ್ರಾಣಿಯೂ ಮನುಷ್ಯನ ಮೇಲೆ ಏರಿ ಬರುವುದಿಲ್ಲ. ಪ್ರಾಣಿಗಳು ಬರಿದೆ ನೋಡುತ್ತವೆ. ಮನುಷ್ಯರು ಏನೋ ಗುಟ್ಟಿನ ಮಾತಾಡುತ್ತಿರುವಾಗ ಚಿತ್ರದ ಮೂಲೆಯಲ್ಲೊಂದು ಹಕ್ಕಿ, ಒಂದು ಹುಳು, ಒಂದು ಇಲಿ. ಪಟ್ಟಣದ ಬೀದಿಯಲ್ಲೂ ಹಾಗೆಯೆ. ಸಾಕ್ಷಿ ಹೇಳಲು ಬಾಯಿಲ್ಲದ ಸಾಕ್ಷಿಗಳು. ಇದು ಸ್ವಲ್ಪ ಅತಿಯಾಯಿತೆಂದು ನಮಗೆ ಒಂದೆರಡು ಕಡೆ ತೋರಿತು. ಮುಂದಿನ ಕಂತುಗಳಲ್ಲಿ ಇನ್ನೂ ಹೆಚ್ಚು ತೋರುತ್ತದೆ. ಆದರೆ ಮೊದಲ ಕಂತಿನಲ್ಲಿ ಅದು ಕೆಲಸ ಮಾಡುತ್ತದೆ. ಹುಲಿಯ ಗರ್ಜನೆಗಿಂತ ಆ ಮೌನಕ್ಕೆ ಹೆಚ್ಚು ಹೆದರಿಕೆಯಾಗುತ್ತದೆ.

ಇನ್ನು ಕಥೆ. ಅರುಕು ಎಂಬೊಬ್ಬ ಕಾಡು ಕಾಯುವ ವಾಚರು. ಅವನು ಅರಣ್ಯ ಇಲಾಖೆಯವರ ಮುಂದೆ ಬಂದು ನಿಂತು, ಆನೆ ಕೊಲ್ಲುವ ತಂಡದ ಜತೆ ತಾನೂ ಹೋಗಿದ್ದೆನೆಂದು ಒಪ್ಪಿಕೊಳ್ಳುತ್ತಾನೆ. ಒಂದೆರಡಲ್ಲ, ಹಲವು ಆನೆ. ಕೇರಳದಲ್ಲಿ ದಂತಕ್ಕಾಗಿ ಆನೆ ಕೊಲ್ಲುವುದು ಎಂದೋ ನಿಂತುಹೋಯಿತೆಂದು ಎಲ್ಲರೂ ನಂಬಿ ಕೂತಿದ್ದ ಹೊತ್ತಿನಲ್ಲಿ ಈ ಮಾತು ಬಂದು ಬೀಳುತ್ತದೆ. ಅಲ್ಲಿಂದ ಮೇಲಧಿಕಾರಿ ನೀಲ್ ಬ್ಯಾನರ್ಜಿ, ರೇಂಜ್ ಆಫೀಸರ್ ಮಾಲಾ ಜೋಗಿ, ದೂರವಾಣಿ ಲೆಕ್ಕಗಳನ್ನು ಜಾಲಾಡುವ ಅಲನ್ ಜೋಸೆಫ್, ಇವರೆಲ್ಲ ಕಥೆಯೊಳಕ್ಕೆ ಬರುತ್ತಾರೆ. ನೀಲನಾಗಿ ದಿಬ್ಯೇಂದು ಭಟ್ಟಾಚಾರ್ಯ, ಮಾಲಾ ಆಗಿ ನಿಮಿಷಾ ಸಜಯನ್, ಅಲನ್ ಆಗಿ ರೋಷನ್ ಮ್ಯಾಥ್ಯೂ. ಮೂವರ ಅಭಿನಯವೂ ಸೊಗಸು. ಮಾಲಾಳ ಮುಖದಲ್ಲಿ ಆ ಬಿಗುವು ಏಕೆಂಬುದು ಮುಂದೆ ತಿಳಿಯುತ್ತದೆ. ಅವಳ ತಂದೆಯೇ ಬೇಟೆಗಾರನಾಗಿದ್ದವನು.

ಇದು ಕಟ್ಟುಕಥೆಯಲ್ಲ. ಪಾತ್ರಗಳ ಹೆಸರು ಬೇರೆ, ಘಟನೆ ನಡೆದದ್ದೇ. 2015ರಲ್ಲಿ ಎರ್ನಾಕುಲಂ ಜಿಲ್ಲೆಯ ಮಲಯಾಟ್ಟೂರು ಅರಣ್ಯ ವಿಭಾಗದಲ್ಲಿ, ಹಿಂದೆ ಕಾಡು ಕಾಯುವ ಕೆಲಸದಲ್ಲಿದ್ದ ಬಡವನೊಬ್ಬ ತಾನಾಗಿಯೇ ಬಂದು ಒಪ್ಪಿಕೊಂಡ. ಅವನು ಎಳೆದ ಆ ಒಂದು ದಾರದಿಂದ ಒಂದು ಗಂಟು ಬಿಚ್ಚಿತು, ಅದರಿಂದ ಇನ್ನೊಂದು. ಬೇಟೆಗಾರರು, ತಿರುವನಂತಪುರದ ದಲ್ಲಾಳಿಗಳು, ಕೆತ್ತುವವರು, ಕೊನೆಗೆ ಆ ವರ್ಷದ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಸುಮಾರು 487 ಕಿಲೋ ದಂತ. ಇಲ್ಲಿ ಕೂತಿರುವ ಮಂಡಿಯವರಿಗೆ ತಿಳಿಯುವಂತೆ ಹೇಳುವುದಾದರೆ ಐದು ಕ್ವಿಂಟಲಿಗೆ ಹದಿಮೂರು ಕಿಲೋ ಕಮ್ಮಿ. ಎಪ್ಪತ್ತಕ್ಕೂ ಹೆಚ್ಚು ಜನ ಸೆರೆಯಾದರು.

ಈಗ ನಾವು ನಿಮ್ಮನ್ನು ಕೇಳುವುದು ಇದು: ಈ ಕಂತಿನಲ್ಲಿ ಎಲ್ಲಕ್ಕಿಂತ ಅಪಾಯದ ಕೆಲಸ ಮಾಡಿದವರು ಯಾರು?

ಬಂದೂಕು ಹಿಡಿದವನಲ್ಲ. ಜೀಪಿನಲ್ಲಿ ಓಡಾಡುವ ಅಧಿಕಾರಿಗಳೂ ಅಲ್ಲ, ಅವರ ಧೈರ್ಯಕ್ಕೆ ನಾವು ಕಡಮೆ ಬೆಲೆ ಕಟ್ಟುತ್ತಿಲ್ಲ. ಬಾಗಿಲ ಬಳಿ ಬಂದು ನಿಂತನಲ್ಲ ಆ ವಾಚರು, ಅವನು. ಅವನಿಗೆ ಯಾರೂ ಬಲವಂತ ಮಾಡಿರಲಿಲ್ಲ. ಹೇಳದೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಳೆಕಾಡಿನಲ್ಲಿ ಬಿದ್ದ ಹೆಣ ಬಹಳ ಕಾಲ ಉಳಿಯುವುದಿಲ್ಲ. ಹಂದಿ ಹದ್ದು ಹುಳು ಸೇರಿ ತಿಂದು, ಮೂಳೆ ಚೆಲ್ಲಾಪಿಲ್ಲಿಯಾಗಿ, ಮೇಲೆ ಸೊಪ್ಪು ಬೆಳೆದುಬಿಡುತ್ತದೆ. ಹೇಳಿದ್ದರಿಂದ ಅವನಿಗೆ ಆದದ್ದು ಏನು? ಬಾಯಿಬಿಟ್ಟ ಕ್ಷಣದಿಂದ ಅವನೇ ಆರೋಪಿ. ಬೇಟೆಯ ತಂಡಕ್ಕೆ ಅವನು ದ್ರೋಹಿ. ಇಲಾಖೆಗೆ ಅವನು ಇಕ್ಕಟ್ಟು, ಏಕೆಂದರೆ ಅವನ ಮಾತು ನಿಜವಾದರೆ ಇಷ್ಟು ದಿನ ಕಾವಲಿದ್ದವರೆಲ್ಲ ಏನು ಮಾಡುತ್ತಿದ್ದರೆಂಬ ಪ್ರಶ್ನೆ ಏಳುತ್ತದೆ. ಮೂರು ಕಡೆಯಿಂದಲೂ ಹೊಡೆತ ಖಂಡಿತವೆಂದು ಗೊತ್ತಿದ್ದೂ ಮನಸ್ಸು ತಡೆಯದೆ ಬಂದ.

ಇದನ್ನು ನೋಡುತ್ತಿದ್ದಾಗ ನಮಗೆ ನಮ್ಮ ಊರಿನದೇ ಒಂದು ಸಂಗತಿ ನೆನಪಾಯಿತು. ಯಾವ ಗಿರಣಿಯೆಂಬುದು ಬೇಡ, ಹಳೆಯ ಮಾತು. ಗೋಡೌನಿನ ರಾತ್ರಿ ಕಾವಲುಗಾರನೊಬ್ಬ ಒಂದು ಬೆಳಿಗ್ಗೆ ಆಫೀಸಿಗೆ ಹೋಗಿ, ನೂಲಿನ ಮೂಟೆಗಳು ಹಿಂಬಾಗಿಲಿನಿಂದ ಹೋಗುತ್ತಿವೆ, ಎರಡು ಸಲ ಕಣ್ಣು ಮುಚ್ಚಿಕೊಂಡಿದ್ದಕ್ಕೆ ನನಗೂ ಹಣ ಕೊಟ್ಟರು, ಇನ್ನು ನನ್ನಿಂದ ಆಗದು ಎಂದ. ಮೊದಲು ಮಾಡಿದ್ದೇನು ಗೊತ್ತೆ? ಕುಡಿದಿದ್ದಾನೆಯೆ ಎಂದು ಅವನ ಬಾಯಿ ಮೂಸಿ ನೋಡಿದರು. ಎರಡನೆಯದಾಗಿ ಅವನನ್ನು ಕೆಲಸದಿಂದ ತೆಗೆದರು. ಮೂಟೆ ಕೊಂಡವರು ಯಾರು, ಲಾರಿ ಯಾರದು ಎಂಬುದು ಮೂರನೆಯ ಪ್ರಶ್ನೆ. ಅದನ್ನು ಕೇಳುವ ಹೊತ್ತಿಗೆ ಲೆಕ್ಕದ ಪುಸ್ತಕಗಳೆಲ್ಲ ಸರಿಯಾಗಿಯೇ ಇದ್ದವು. ಆ ಕಾವಲುಗಾರ ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುತ್ತಿದ್ದುದನ್ನು ಇಲ್ಲಿನ ಹಿರಿಯರು ಕೆಲವರು ಕಂಡಿದ್ದಾರೆ. ಕೇರಳದ ಆ ಪ್ರಕರಣ ಬೇರೆ ದಾರಿ ಹಿಡಿದದ್ದಕ್ಕೆ ಕಾರಣ, ಅಲ್ಲಿ ಕೆಲವರು ಮೂರನೆಯ ಪ್ರಶ್ನೆಯನ್ನು ಕೈಬಿಡಲಿಲ್ಲ.

ಆ ಮೂರನೆಯ ಪ್ರಶ್ನೆಗೆ ಬರೋಣ. ಕೊಂಡವರು ಯಾರು?

ಮೊದಲು ಸರಕಿನ ವಿಷಯ ತಿಳಿಯಬೇಕು. ದಂತವೆಂದರೆ ಕೊಂಬಲ್ಲ, ನಾವು ಬಾಯಿಮಾತಿಗೆ ಕೊಂಬಿನಾನೆ ಎನ್ನುತ್ತೇವೆ. ಅದು ಆನೆಯ ಹಲ್ಲು, ಮೇಲ್ದವಡೆಯ ಮುಂಭಾಗದ ಹಲ್ಲು. ಅದರ ಸುಮಾರು ಮೂರನೆಯ ಒಂದು ಭಾಗ ತಲೆಬುರುಡೆಯೊಳಗೆ ಹುದುಗಿರುತ್ತದೆ. ಬಿದ್ದ ಆನೆಯ ಮುಖವನ್ನೇ ಅವರು ಕಡಿದು ತೆಗೆಯುವುದು ಇದಕ್ಕಾಗಿ. ಕಂತಿನಲ್ಲಿ ಆ ದೃಶ್ಯ ಬಂದಾಗ ತಾಯಂದಿರು ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. ಮುಖ ಕಡಿಯುವುದು ಕ್ರೌರ್ಯದ ಮೋಜಿಗಲ್ಲ, ನಾಲ್ಕು ಬೆರಳು ಹೆಚ್ಚು ದಂತ ಸಿಗಲೆಂಬ ಲೆಕ್ಕಾಚಾರ. ಅದು ಇನ್ನೂ ಭಯಂಕರ ಎಂದು ನಮ್ಮ ಭಾವನೆ.

ಎರಡನೆಯ ಸಂಗತಿ: ಆಫ್ರಿಕದಲ್ಲಿ ಹೆಣ್ಣಾನೆಗೂ ದಂತ ಬರುತ್ತದೆ, ನಮ್ಮಲ್ಲಿ ಗಂಡಿಗೆ ಮಾತ್ರ. ಗಂಡಿನಲ್ಲೂ ಎಲ್ಲಕ್ಕೂ ಇಲ್ಲ. ಆದುದರಿಂದ ಇಲ್ಲಿ ದಂತಕ್ಕಾಗಿ ಕೊಲ್ಲುವುದೆಂದರೆ ಸಲಗಗಳನ್ನೇ ಆರಿಸಿ ಕೊಲ್ಲುವುದು. ಹಿಂಡು ದೂರದಿಂದ ನೋಡುವವರಿಗೆ ಹಾಗೆಯೇ ಕಾಣುತ್ತದೆ, ಸಂಖ್ಯೆ ಸಾಕಷ್ಟಿದೆ ಎನಿಸುತ್ತದೆ. ಆದರೆ ಒಳಗೇ ಮುರಿದುಬಿದ್ದಿರುತ್ತದೆ. ಕೇರಳದ ಪೆರಿಯಾರ್ ಕಾಡಿನಲ್ಲಿ ಒಂದು ಕಾಲಕ್ಕೆ ನೂರು ಹೆಣ್ಣಿಗೆ ಒಂದು ಪ್ರೌಢ ಗಂಡು ಎಂಬ ಮಟ್ಟಕ್ಕೆ ಬಂದಿದ್ದಿತು. ಒಂದು ಮರಿಗೆ ಹೆಚ್ಚುಕಡಮೆ ಇಪ್ಪತ್ತೆರಡು ತಿಂಗಳ ಗರ್ಭ. ಬಡ್ಡಿಯ ಲೆಕ್ಕ ಬಲ್ಲ ನಮ್ಮ ವರ್ತಕ ಮಿತ್ರರು ಯೋಚಿಸಲಿ: ಅಸಲಿಗೇ ಕೈ ಹಾಕಿದ ಮೇಲೆ ಅಂಗಡಿ ಎಷ್ಟು ದಿನ ನಡೆದೀತು?

ಕಾನೂನು ಇಲ್ಲವೆ ಎಂದರೆ ಇದೆ. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರದು. 1977ರಲ್ಲಿ ಆನೆಯನ್ನು ಅದರ ಮೊದಲನೆಯ ಅನುಸೂಚಿಗೆ ಸೇರಿಸಿದರು. 1986ರಲ್ಲಿ ದೇಶದೊಳಗೆ ನಮ್ಮ ಆನೆಯ ದಂತದ ವ್ಯಾಪಾರವನ್ನೇ ನಿಲ್ಲಿಸಿದರು. 1991ರಲ್ಲಿ ಆಫ್ರಿಕದ ದಂತದ ಆಮದೂ ನಿಂತಿತು. ಕಾಗದದ ಮೇಲೆ ಎಲ್ಲ ಬಾಗಿಲೂ ಹಾಕಿಯಾಯಿತು.

ಇಲ್ಲಿ ಒಂದು ಮಾತು, ಅಧ್ಯಕ್ಷರ ಅಪ್ಪಣೆಯಿಂದ. ಬಾಗಿಲು ಹಾಕಿದಾಗ ಒಳಗೆ ಸಿಕ್ಕಿದವರು ಯಾರು? ಮೈಸೂರಿನಲ್ಲಿ ಬೀಟೆಮರದ ಮೇಲೆ ದಂತ ಕೂರಿಸಿ ಆನೆಯಂಬಾರಿ, ತೆಂಗಿನ ಮರ, ಹಳ್ಳಿಯ ದೃಶ್ಯ ಬಿಡಿಸುವ ಕೆಲಸಗಾರರು ಇದ್ದರು. ಸಾಗರ ಸೊರಬದ ಕಡೆಯ ಗುಡಿಗಾರರು ಗಂಧದ ಜತೆಗೆ ದಂತವನ್ನೂ ಕೆತ್ತುತ್ತಿದ್ದವರು. ತಲೆಮಾರುಗಳ ಕೈಕಸಬು. ದಂತ ನಿಂತಿತು. ಮೈಸೂರಿನವರು ಬಿಳಿಯ ಪ್ಲಾಸ್ಟಿಕ್ಕನ್ನು ಕತ್ತರಿಸಿ ಅದೇ ಜಾಗಕ್ಕೆ ಕೂರಿಸಲು ಕಲಿತರು. ಉಳಿ ಹಿಡಿಯುವ ಕೈ ಅದೇ, ಸಾಮಾನು ಬೇರೆ. ನಿಷೇಧವನ್ನು ನಿಜವಾಗಿ ನಡೆಸಿಕೊಟ್ಟವರು ಇವರು; ಕಸಬಿನ ಗೌರವ ಅರ್ಧ ಕಳೆದುಕೊಂಡು ನಡೆಸಿಕೊಟ್ಟರು. ಇತ್ತ ಐದು ಕ್ವಿಂಟಲ್ ದಂತ ರಾಜಧಾನಿಯಲ್ಲಿ ಗುಡ್ಡೆಯಾಗಿ ಕೂತಿದ್ದಿತು. ಅದನ್ನು ಕೊಳ್ಳುವವರು ಹೊಟ್ಟೆಗಿಲ್ಲದವರಲ್ಲ. ಹೊಟ್ಟೆ ತುಂಬಿ, ಮನೆ ತುಂಬಿ, ಇನ್ನೇನು ಇಡುವುದೆಂದು ಷೋಕೇಸಿನ ಮುಂದೆ ನಿಂತು ಯೋಚಿಸುವವರು. ಬೇಡಿಕೆ ಅಲ್ಲಿಂದ ಹೊರಡುತ್ತದೆ. ದೆಹಲಿಯಿಂದ ತಿರುವನಂತಪುರಕ್ಕೆ, ಅಲ್ಲಿಂದ ಕಾಡಂಚಿನ ಊರಿಗೆ, ಅಲ್ಲಿಂದ ವಾಚರಿನ ಗುಡಿಸಲಿಗೆ. ಪ್ರತಿ ಮೆಟ್ಟಿಲಿನಲ್ಲೂ ಲಾಭ ಕಡಮೆಯಾಗುತ್ತ, ಅಪಾಯ ಹೆಚ್ಚುತ್ತ ಬರುತ್ತದೆ.

ಈ ಕಂತಿನಲ್ಲಿ ಭಯವೆಂಬುದು ಕಾಡಿನಿಂದ ಊರಿಗೆ ಬರುವುದಿಲ್ಲ, ಊರಿನಿಂದ ಕಾಡಿಗೆ ಹೋಗುತ್ತದೆ. ನಾವು ಇದನ್ನು ನಿಮಗೆ ತೋರಿಸಲು ಆರಿಸಿದ್ದು ಇದಕ್ಕಾಗಿಯೇ.

ಹಾಗೆಂದು ಕಾಡಾನೆ ಸಾಧುವೆಂದು ನಾವು ಹೇಳಿದರೆ ಹಾಸನದ ಕಡೆಯಿಂದ ಬಂದು ಇಲ್ಲಿ ಕೆಲಸಕ್ಕಿರುವ ಗೆಳೆಯರು ಎದ್ದು ನಿಂತು ನಮ್ಮ ಬಾಯಿ ಮುಚ್ಚಿಸಿಯಾರು. ಅವರಿಗೆ ಆ ಹಕ್ಕಿದೆ. ನಮ್ಮ ರಾಜ್ಯದಲ್ಲಿ 2023ರ ಎಣಿಕೆಯಂತೆ 6,395 ಆನೆಗಳು, ದೇಶದಲ್ಲೇ ಹೆಚ್ಚು. ಹೆಮ್ಮೆಯ ಸಂಗತಿಯೆಂದು ಸರಕಾರ ಹೇಳಿತು, ನಾವೂ ಹೇಳುತ್ತೇವೆ. ಆದರೆ ಸಕಲೇಶಪುರ, ಆಲೂರು, ಕೊಡಗಿನ ಕಾಫಿ ತೋಟದಲ್ಲಿ ಬೆಳಗಿನ ಮಂಜಿನಲ್ಲಿ ಬುತ್ತಿ ಹಿಡಿದು ಕೆಲಸಕ್ಕೆ ನಡೆದು ಹೋಗುವ ಹೆಣ್ಣುಮಗಳಿಗೆ ಆ ಅಂಕಿ ಬೇರೆಯ ಅರ್ಥ ಕೊಡುತ್ತದೆ. ತೋಟದ ಯಜಮಾನರು ಜೀಪಿನಲ್ಲಿ ಬರುತ್ತಾರೆ. ಆನೆಗೆ ಎದುರಾಗುವವರು ನಡೆದು ಹೋಗುವವರು.

2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರೆಯ ಅಂಬಾರಿ ಹೊತ್ತ ಅರ್ಜುನ ಮಡಿದ. ನಾಡಿಗೆ ನಾಡೇ ಅತ್ತಿತು, ಸ್ಮಾರಕದ ಕೂಗು ಎದ್ದಿತು. ಅದು ಸರಿಯೇ. ಅದೇ ವರ್ಷ ಆಗಸ್ಟಿನ ಕೊನೆಯಲ್ಲಿ ಅದೇ ಜಿಲ್ಲೆಯಲ್ಲಿ, ಗಾಯಗೊಂಡ ಆನೆಗೆ ಅರಿವಳಿಕೆ ಮದ್ದು ಹೊಡೆಯಲು ಹೋದ ಇಲಾಖೆಯ ಕೆಳದರ್ಜೆಯ ನೌಕರರೊಬ್ಬರು ಅದರ ಕಾಲಿಗೆ ಸಿಕ್ಕಿ ತೀರಿಕೊಂಡರು. ಈ ಸಭೆಯಲ್ಲಿ ಅರ್ಜುನನ ಹೆಸರು ಬಲ್ಲವರು ಎಲ್ಲರೂ. ಆ ನೌಕರರ ಹೆಸರು ಬಲ್ಲವರು ಎಷ್ಟು ಜನ? ಕೈ ಎತ್ತಿ ಎಂದು ನಾವು ಕೇಳುವುದಿಲ್ಲ, ನಮಗೂ ಅಂದು ಪತ್ರಿಕೆಯ ಒಳಪುಟದಲ್ಲಿ ಹುಡುಕಬೇಕಾಯಿತು.

ಬಂಡೀಪುರ, ನಾಗರಹೊಳೆಯ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ರಾತ್ರಿ ಹಗಲು ಕಾಡು ಸುತ್ತುವವರಲ್ಲಿ ಅನೇಕರು ದಿನಗೂಲಿಯವರು, ಹೊರಗುತ್ತಿಗೆಯವರು. ಜೇನುಕುರುಬರು, ಸೋಲಿಗರು ಇಂಥ ಕಾಡಿನ ಮಕ್ಕಳೇ ಬಹಳ ಮಂದಿ. ಹೊರಗುತ್ತಿಗೆ ಎಂಬ ಪದ ಗಿರಣಿಯವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಆನೆಯ ಕಾಲಿಗೆ ಸಿಕ್ಕುವವನು ಕೂಲಿ. ಆನೆಯನ್ನು ಕಾಯುವವನು ಕೂಲಿ. ಹಣದ ಆಸೆಗೋ ಹೆದರಿಕೆಗೋ ಬೇಟೆಗಾರನಿಗೆ ದಾರಿ ತೋರಿಸುವವನೂ ಕೂಲಿಯೇ. ಕಾಡಿನ ದಾರಿ ಅವನಿಗಲ್ಲದೆ ಇನ್ನಾರಿಗೆ ಗೊತ್ತು?

ಇದನ್ನು ಚೆನ್ನಾಗಿ ಅರಿತ ಅಧಿಕಾರಿಯೊಬ್ಬರು ನಮ್ಮ ನಾಡಿನಲ್ಲಿದ್ದರು: ಪಿ. ಶ್ರೀನಿವಾಸ್. ವೀರಪ್ಪನ್ ಎಂದರೆ ಶ್ರೀಗಂಧ ಎಂದು ನಾವು ನೆನೆಯುತ್ತೇವೆ. ಅದಕ್ಕೆ ಮೊದಲು ಅವನ ಕಸಬು ಆನೆದಂತ. ಅವನ ಮೀಸೆಯನ್ನು ಕೊಂಡಾಡಿದ ಚಿತ್ರಗಳು ಎಷ್ಟೋ, ಆ ವಿಚಾರ ಬೇಡ. ಶ್ರೀನಿವಾಸರು ಅವನ ಊರಾದ ಗೋಪಿನಾಥಂಗೇ ಹೋಗಿ ನೆಲಸಿದರು. ಜನರಿಗೆ ಔಷಧಿ ಕೊಡಿಸಿದರು, ಮಾರಮ್ಮನ ಗುಡಿ ಕಟ್ಟಿಸಿಕೊಟ್ಟರು, ಅವನ ಸಂಗಡಿಗರಲ್ಲಿ ಹಲವರನ್ನು ಮಾತಿನಿಂದಲೇ ಶರಣು ಬರಿಸಿದರು. ಬಂದೂಕು ಹೊತ್ತ ಬಡವನ ಬಾಯಿಂದ ಸತ್ಯ ಹೊರಡಬೇಕಾದರೆ ಮೊದಲು ಅವನ ಜತೆ ಕೂತು ಉಣ್ಣಬೇಕೆಂದು ನಂಬಿದ ಮನುಷ್ಯ. 1991ರ ನವೆಂಬರ್ 10ರಂದು, ವೀರಪ್ಪನ್ ತಾನೂ ಶರಣಾಗುತ್ತಾನೆಂಬ ಮಾತು ನಂಬಿ ನಿರಾಯುಧರಾಗಿ ಹೋದರು. ಕೊಂದರು. ಸತ್ತ ಮೇಲೆ ಕೀರ್ತಿಚಕ್ರ ಬಂದಿತು. ಗೋಪಿನಾಥಂನಲ್ಲಿ ಅವರನ್ನು ಜನ ಇಂದಿಗೂ ನೆನೆಯುತ್ತಾರೆ.

ಇನ್ನು ನಮ್ಮ ಆಕ್ಷೇಪಣೆ. ಹೊಗಳಿಯೇ ಮುಗಿಸಿದರೆ ನೀವು ನಮ್ಮನ್ನು ಆ ಕಂಪನಿಯ ಏಜಂಟರೆಂದು ತಿಳಿದೀರಿ. ಅರುಕು ಮಾತು ಮುಗಿಸಿದ ಮೇಲೆ ಕಂತು ಬಹಳ ಬೇಗ ಅಧಿಕಾರಿಗಳ ಕೈಗೆ ಹೋಗಿಬಿಡುತ್ತದೆ. ಆಮೇಲೆ ಓಡಾಟ, ಫೋನು, ನಕ್ಷೆ, ಅನುಮಾನ, ಎಲ್ಲ ಬಿಗಿಯಾಗಿದೆ, ಕಣ್ಣು ಕೀಳಲಾಗದು. ಆದರೆ ಆ ಮನುಷ್ಯ ಅಂದು ರಾತ್ರಿ ಏನು ಉಂಡ? ಹೆಂಡತಿಗೆ ಏನು ಹೇಳಿದ? ತಂಡದ ಜತೆ ಹೋದ ಮೊದಲ ದಿನ ಅವನ ಕೈಗೆ ಎಷ್ಟು ಹಣ ಬಂದಿತು, ಅದರಲ್ಲಿ ಯಾವ ಸಾಲ ತೀರಿತು? ಇದನ್ನೆಲ್ಲ ತಿಳಿಯುವ ಆಸೆ ನಮಗೆ ಆಯಿತು. ಅಧಿಕಾರಿಗಳ ಮನೆಯ ಕಷ್ಟಸುಖ ಹೇಳಲು ಎಂಟು ಕಂತುಗಳಲ್ಲಿ ಬೇಕಾದಷ್ಟು ಜಾಗವಿದೆ. ಪಾಪಪ್ರಜ್ಞೆ ಎಂಬುದನ್ನು ಮಾಲಾಳ ಮುಖದಲ್ಲಿ ತೋರಿಸುವಷ್ಟು ತಾಳ್ಮೆಯಿಂದ ಅವನ ಮುಖದಲ್ಲಿ ತೋರಿಸಲಿಲ್ಲ. ನಾಟಕ ಮಾಡುವವರಿಗೂ ಅವನು ಬಾಗಿಲು ತೆರೆಯುವವನಷ್ಟೆ ಆದ.

ಇನ್ನೊಂದು: ಆನೆಗೆ ನ್ಯಾಯ ಬೇಕೆಂಬ ಆವೇಶದಲ್ಲಿ ಕಂತು ಕೆಲವು ಕಡೆ ಮನುಷ್ಯಜಾತಿಯೆಲ್ಲ ಒಂದೇ ಎಂಬಂತೆ ಮಾತಾಡುತ್ತದೆ. ಒಂದೇ ಅಲ್ಲ. ದಂತ ಷೋಕೇಸಿನಲ್ಲಿಡುವವನೂ ಮಂಜಿನಲ್ಲಿ ತೋಟಕ್ಕೆ ನಡೆಯುವವಳೂ ಒಂದೇ ಪಂಕ್ತಿಯಲ್ಲಿ ನಿಲ್ಲುವವರಲ್ಲ.

ಇಷ್ಟು ಹೇಳಿಯೂ ನಾವು ಈ ಮಾಲೆಯನ್ನು ಪೂರಾ ನೋಡೋಣವೆನ್ನುತ್ತೇವೆ. ಹಿಂದಿನ ಬೆಂಚಿನ ಹಿರಿಯರು ಇನ್ನೂ ಒಪ್ಪಿದಂತೆ ಕಾಣುವುದಿಲ್ಲ; ಬೋನಸ್ಸಿನ ವಿಷಯಕ್ಕೆ ಬುಧವಾರ ಬೇರೆ ಸಭೆ ಇದೆ, ಅವರು ತಪ್ಪದೆ ಬರಬೇಕು. ಎರಡನೆಯ ಕಂತು ಮುಂದಿನ ಭಾನುವಾರ. ಎರಡನೆಯ ಪಾಳಿಯವರು ಇಂದು ತಪ್ಪಿಸಿಕೊಂಡರೆಂದು ದೂರು ಬಂದಿರುವುದರಿಂದ ಬೆಳಿಗ್ಗೆ ಹತ್ತಕ್ಕೆ ಒಮ್ಮೆ, ಸಂಜೆ ಏಳಕ್ಕೆ ಒಮ್ಮೆ ತೋರಿಸುತ್ತೇವೆ. ಮಲಯಾಳ ಬಲ್ಲವರು ಬೇಕರಿಯ ಗೆಳೆಯರು, ಮುಂದಿನ ಸಾಲಿನಲ್ಲಿ ಕೂತು ಕಷ್ಟದ ಮಾತುಗಳನ್ನು ಕನ್ನಡಿಸಲು ಒಪ್ಪಿದ್ದಾರೆ. ಮರದ ಕೆತ್ತನೆಯ ಅಂಗಡಿಯವರು ತಮ್ಮ ತಂದೆಯವರ ಕಾಲದ ಉಳಿಗಳನ್ನು ತಂದು ತೋರಿಸುವುದಾಗಿ ಹೇಳಿದ್ದಾರೆ. ಚಾಪೆ ಸಾಲದು, ಮನೆಯಿಂದ ತನ್ನಿ.